ಅಮ್ಮನ ಚೀಟಿ, ಮಗನ ಲೆಕ್ಕ

ಪ್ರಶ್ನೆ: ನಮ್ಮ ಅಮ್ಮ ಬಡಾವಣೆಯ 20 ಜನರ ಚೀಟಿಗೆ ಸೇರಿದ್ದರು. 1 ಲಕ್ಷದ ಚೀಟಿ, ತಿಂಗಳಿಗೆ 5,000 ರೂಪಾಯಿ ಕಂತು, 20 ತಿಂಗಳು, ಪ್ರತಿ ತಿಂಗಳೂ ಕೂಗು. ಅಮ್ಮ ಕೊನೆಯವರೆಗೆ ಕಾದು 20ನೇ ತಿಂಗಳು ಎತ್ತಿದರು. ಡಿವಿಡೆಂಡ್ ಕಳೆದು ಅವರು ಕಟ್ಟಿದ್ದು 86,650, ಕೈಗೆ ಬಂದದ್ದು 95,000. ಲಾಭ 8,350, ಅಂದರೆ 20 ತಿಂಗಳಿಗೆ ಶೇ 9.6, ವರ್ಷಕ್ಕೆ ಶೇ 5.8. ಬ್ಯಾಂಕಿನ ಆರ್‌ಡಿಯಲ್ಲಿ ಶೇ 6.6 ಸಿಗುತ್ತಿತ್ತು, ಭಯವೂ ಇರುತ್ತಿರಲಿಲ್ಲ. ಇಷ್ಟು ತೋರಿಸಿದರೂ ಅಮ್ಮ ಈಗ ಅಂಥದ್ದೇ ಇನ್ನೊಂದು ಚೀಟಿಗೆ ಸೇರಿದ್ದಾರೆ. ಮನುಷ್ಯರು ಲಾಭ ನಷ್ಟ ತೂಗಿ ನಿರ್ಧರಿಸುತ್ತಾರೆ ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದೇನೆ. ಕಣ್ಣೆದುರಿಗೆ ಲೆಕ್ಕವಿದ್ದರೂ ಜನ ಅದನ್ನು ಬಿಟ್ಟು ನಡೆಯುವುದೇಕೆ? ಹಳೆಯ ಚೀಟಿಯ ಕೂಗಿನ ಪಟ್ಟಿ ಜೊತೆಗಿದೆ.

ಉತ್ತರ: ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ಈ ಪ್ರಶ್ನೆಗೆ ಬರೀ ಉಪದೇಶ ಸಿಗುತ್ತಿತ್ತು. ನಿಮ್ಮ ತಾಯಿಯವರು ಲೆಕ್ಕ ಬಿಟ್ಟಿದ್ದಾರೆಯೇ ಎಂದು ನೋಡುವ ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ಅದರಲ್ಲಿ ಒಂದು ದೊಡ್ಡ ತಪ್ಪಿದೆ, ಓದಿದವರೇ ಹೆಚ್ಚಾಗಿ ಮಾಡುವ ತಪ್ಪು.

ಪಟ್ಟಿಯ ಪ್ರಕಾರ ಮೊದಲ ಐದು ತಿಂಗಳು ಕೂಗು, ಅಂದರೆ ಚೀಟಿ ಎತ್ತುವವರು 1 ಲಕ್ಷದಲ್ಲಿ ಬಿಟ್ಟುಕೊಡುವ ಮೊತ್ತ, 30,000ಕ್ಕೆ ನಿಂತಿದೆ. 6ರಿಂದ 10ನೇ ತಿಂಗಳವರೆಗೆ 22,000, 11ರಿಂದ 15ರವರೆಗೆ 14,000, 16ರಿಂದ 19ರವರೆಗೆ 8,000. ಕೊನೆಯ ತಿಂಗಳು ಕೂಗುವವರಿಲ್ಲ, 5,000 ಕಮಿಷನ್ ಮಾತ್ರ ಕಡಿತ. ಪ್ರತಿ ತಿಂಗಳ ಕೂಗಿನಿಂದ ಚೀಟಿ ನಡೆಸುವವರ 5,000 ತೆಗೆದು ಉಳಿದದ್ದನ್ನು 20 ಜನರಿಗೆ ಹಂಚಿದರೆ ತಲಾ 1,250, 850, 450, 150 ಡಿವಿಡೆಂಡ್. ಹಾಗಾಗಿ ಅಮ್ಮ ಕಟ್ಟಿದ ಕಂತು ಮೊದಲು 3,750, ಆಮೇಲೆ 4,150, ನಂತರ 4,550, ಆಮೇಲೆ 4,850, ಕೊನೆಗೆ 5,000. ಕೂಡಿದರೆ 86,650. ಇಲ್ಲಿಯವರೆಗೆ ನೀವು ಸರಿ.

ತಪ್ಪಿರುವುದು ಕಾಲದ ಲೆಕ್ಕದಲ್ಲಿ. 86,650 ರೂಪಾಯಿ 20 ತಿಂಗಳು ಚೀಟಿಯಲ್ಲಿ ಕೂತಿರಲಿಲ್ಲ. ಮೊದಲ ಕಂತು 19 ತಿಂಗಳು ಇತ್ತು, ಎರಡನೆಯದು 18, ಕೊನೆಯದು ಕಟ್ಟಿದ ದಿನವೇ ವಾಪಸ್ ಬಂತು. ಪ್ರತಿ ಕಂತನ್ನೂ ಅದು ಇದ್ದ ತಿಂಗಳಿನಿಂದ ಗುಣಿಸಿ ಕೂಡಿದರೆ 7,75,500 ಬರುತ್ತದೆ. ಅದನ್ನು 86,650ರಿಂದ ಭಾಗಿಸಿದರೆ ಸುಮಾರು 9. ಅಂದರೆ ಅಮ್ಮನ ದುಡ್ಡು ಸರಾಸರಿ 9 ತಿಂಗಳು ಮಾತ್ರ ಹೊರಗಿತ್ತು, 8,350 ರೂಪಾಯಿ ಬಂದದ್ದು ಆ 9 ತಿಂಗಳಿಗೆ. 8,350 ಭಾಗಿಸು 7,75,500 ಎಂದರೆ ನೂರಕ್ಕೆ ತಿಂಗಳಿಗೆ 1 ರೂಪಾಯಿ 8 ಪೈಸೆ. ಚಕ್ರಬಡ್ಡಿ ಹಿಡಿದು ಸರಿಯಾಗಿ ಹಾಕಿದರೆ ತಿಂಗಳಿಗೆ ಶೇ 1.01, ವರ್ಷಕ್ಕೆ ಶೇ 12ರ ಮೇಲೆ. ಆರ್‌ಡಿಯ ಶೇ 6.6ರ ಹತ್ತಿರ ಹತ್ತಿರ ಎರಡರಷ್ಟು.

ಇದನ್ನು ನೀವೇ ಪರೀಕ್ಷಿಸಿ. ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ 20 ಸಾಲು ತುಂಬಿ, ಕಟ್ಟಿದ್ದಕ್ಕೆ ಮೈನಸ್ ಚಿಹ್ನೆ ಹಾಕಿ. 20ನೇ ಸಾಲಿನಲ್ಲಿ 5,000 ಕಟ್ಟಿ 95,000 ಪಡೆದಿದ್ದರಿಂದ ಅಲ್ಲಿ 90,000 ಎಂದು ಬರೆಯಿರಿ. 95,000ವನ್ನು 21ನೇ ಸಾಲಿಗೆ ತಳ್ಳಿದರೆ ಒಂದು ತಿಂಗಳು ಹೆಚ್ಚಾಗಿ ದರ ಸುಳ್ಳೇ ಇಳಿಯುತ್ತದೆ. ಕೆಳಗೆ ಐಆರ್‌ಆರ್ (IRR) ಸೂತ್ರ, ಅಂದರೆ ದುಡ್ಡು ಹೋದ ಬಂದ ಕಾಲ ನೋಡಿ ಬಡ್ಡಿ ದರ ಹುಡುಕುವ ಸೂತ್ರ, ಹಾಕಿದರೆ ತಿಂಗಳ ದರ ಸಿಗುತ್ತದೆ.

ಹಾಗಾಗಿ ಮೊದಲ ಉತ್ತರ ಇಷ್ಟು: ಈ ಚೀಟಿಯ ಮಟ್ಟಿಗೆ ಬಡ್ಡಿಯ ಲೆಕ್ಕದಲ್ಲೂ ಅಮ್ಮನದೇ ಸರಿ. ಅವರು ಐಆರ್‌ಆರ್ ಹಾಕಿರಲಿಕ್ಕಿಲ್ಲ. ಆದರೆ ವರ್ಷಗಟ್ಟಲೆ ಕೂಗು ಕೇಳಿದವರಿಗೆ, ಯಾವ ಚೀಟಿಯಲ್ಲಿ ಕಾದರೆ ಗಿಟ್ಟುತ್ತದೆ, ಯಾವುದರಲ್ಲಿ ಗಿಟ್ಟುವುದಿಲ್ಲ ಎಂಬ ಅಂದಾಜು ಕೂತಿರುತ್ತದೆ. ಹರ್ಬರ್ಟ್ ಸೈಮನ್ 1950ರ ದಶಕದಲ್ಲಿ ಹೇಳಿದ್ದು ಇದನ್ನೇ. ಎಲ್ಲ ದಾರಿಗಳನ್ನೂ ತೂಗಿ ಅತ್ಯುತ್ತಮವಾದದ್ದನ್ನು ಆರಿಸುವಷ್ಟು ಸಮಯ, ಮಾಹಿತಿ ಯಾರಿಗೂ ಇರುವುದಿಲ್ಲ. ಜನ ತಮಗೆ ಸಾಕೆನಿಸುವ ಮಟ್ಟ ಇಟ್ಟುಕೊಂಡು, ಅದನ್ನು ದಾಟಿದ ಮೊದಲ ದಾರಿ ಹಿಡಿಯುತ್ತಾರೆ. ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಆ ಶೇ 12 ಎಲ್ಲಿಂದ ಬಂತು? ಬ್ಯಾಂಕು ಕೊಡಲಾಗದ್ದನ್ನು 20 ಜನರ ಚೀಟಿ ಹೇಗೆ ಕೊಟ್ಟಿತು? ಚೀಟಿಯೊಳಗೆ ಹೊರಗಿನ ದುಡ್ಡು ಒಂದು ಪೈಸೆಯೂ ಬರುವುದಿಲ್ಲ. 20 ಜನ ಒಟ್ಟು ಕಟ್ಟಿದ್ದು 17,33,000, ಒಟ್ಟು ಎತ್ತಿದ್ದು 16,33,000. ನಡುವಿನ 1 ಲಕ್ಷ ಕಮಿಷನ್. ಅಮ್ಮನ ಲಾಭವನ್ನು, ಜೊತೆಗೆ ಕಮಿಷನ್ನನ್ನೂ, ಮೊದಲು ಎತ್ತಿದವರೇ ಕೊಟ್ಟರು.

ಮೊದಲ ತಿಂಗಳು ಎತ್ತಿದವರನ್ನು ನೋಡಿ. 70,000 ಬಂತು, ಅದೇ ದಿನ 3,750 ಕಂತು ಕಟ್ಟಿದರು, ಕೈಯಲ್ಲಿ ಉಳಿದದ್ದು 66,250. ಮುಂದಿನ 19 ತಿಂಗಳಲ್ಲಿ 82,900 ಕಟ್ಟಬೇಕು. ದರ ಹಾಕಿದರೆ ತಿಂಗಳಿಗೆ ಸುಮಾರು ಶೇ 2.23. ನಮ್ಮ ಮಾತಿನಲ್ಲಿ ಎರಡೂಕಾಲು ರೂಪಾಯಿ ಬಡ್ಡಿ. ಒಡವೆ ಇಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಲ್ಲವರಿಗೆ ಇದು ದುಬಾರಿ. ಕೈಸಾಲಕ್ಕೆ ಮೂರು, ಐದು ರೂಪಾಯಿ ಬಡ್ಡಿ ಕೇಳುವ ಕಡೆ ಬದುಕುವವರಿಗೆ, ಸಂಬಳದ ಸ್ಲಿಪ್ ಇಲ್ಲದ ಕಾರಣ ಬ್ಯಾಂಕಿನ ಬಾಗಿಲೇ ತೆರೆಯದವರಿಗೆ, ಇದು ಅಗ್ಗ. ಒಂದೇ ಕೂಗು ಒಬ್ಬರಿಗೆ ತಪ್ಪು, ಇನ್ನೊಬ್ಬರಿಗೆ ಸರಿ, ಇಬ್ಬರೂ ಸರಿಯಾಗಿ ಲೆಕ್ಕ ಹಾಕಿದ್ದರೂ. ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲೇ ತೋರಿಸಿದ್ದು ಇದರ ಹತ್ತಿರದ್ದು. ಒಂದು ಮೊತ್ತದ ಬೆಲೆ ಅದನ್ನು ಪಡೆಯುವವನ ಸ್ಥಿತಿಯ ಮೇಲೆ ನಿಂತಿದೆ, ನಾಣ್ಯದ ಎಣಿಕೆಯ ಮೇಲಷ್ಟೇ ನಿಂತಿಲ್ಲ.

ನಿಜವಾಗಿ ಲೆಕ್ಕ ತಪ್ಪುವುದು ನಡುವಿನ ತಿಂಗಳುಗಳಲ್ಲಿ. ನಿಮ್ಮ ಪಟ್ಟಿಯಲ್ಲಿ ನನಗೆ ಕಳವಳ ತಂದದ್ದು 10ನೇ ತಿಂಗಳು 22,000ಕ್ಕೆ ಕೂಗಿದವರ ಸಾಲು.

ಅವರು 9 ತಿಂಗಳು 35,350 ಕಟ್ಟಿದ್ದರು. 10ನೇ ತಿಂಗಳು 78,000 ಬಂತು, 4,150 ಕಂತು ಹೋಗಿ 73,850. ಮುಂದೆ 10 ತಿಂಗಳಲ್ಲಿ 47,150 ಕಟ್ಟಬೇಕು. ಇಲ್ಲಿ ನೇರವಾಗಿ ಐಆರ್‌ಆರ್ ಹಾಕಬೇಡಿ. ಮೊದಲು ಕೊಟ್ಟು, ನಡುವೆ ಪಡೆದು, ಮತ್ತೆ ಕೊಡುವ ವ್ಯವಹಾರದಲ್ಲಿ ಆ ಸೂತ್ರಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಬರಬಹುದು, ಉತ್ತರವೇ ಬರದೆಯೂ ಇರಬಹುದು. ಎರಡು ಭಾಗ ಮಾಡಬೇಕು. ಕಟ್ಟಿದ 35,350 ಬ್ಯಾಂಕಿನಲ್ಲಿದ್ದಿದ್ದರೆ ವರ್ಷಕ್ಕೆ ಶೇ 6.6, ಅಂದರೆ ತಿಂಗಳಿಗೆ ಶೇ 0.55ರಂತೆ 36,314 ಆಗಿರುತ್ತಿತ್ತು. ಅದು ಅವರದೇ ದುಡ್ಡು. ಸಾಲವಾಗಿ ಸಿಕ್ಕಿದ್ದು 73,850ರಲ್ಲಿ ಅದನ್ನು ಕಳೆದು ಉಳಿದ 37,536 ಮಾತ್ರ. ಅಷ್ಟಕ್ಕೆ 10 ತಿಂಗಳಲ್ಲಿ 47,150 ವಾಪಸ್. ದರ ತಿಂಗಳಿಗೆ ಶೇ 4.3. ಮೊದಲ ತಿಂಗಳು 30,000 ಕೂಗಿದವರಿಗಿಂತ, 10ನೇ ತಿಂಗಳು 22,000 ಕೂಗಿದವರು ಹತ್ತಿರ ಹತ್ತಿರ ಎರಡರಷ್ಟು ಬಡ್ಡಿ ತೆತ್ತರು.

ಹೀಗಾಗಲು ಕಾರಣ ಸರಳ. ಕೂಗುವಾಗ ಎಲ್ಲರೂ 22,000ವನ್ನು 1 ಲಕ್ಷದ ಪಕ್ಕ ಇಟ್ಟು ನೋಡುತ್ತಾರೆ, ಮೊದಲ ತಿಂಗಳ 30,000ಕ್ಕಿಂತ ಕಡಿಮೆಯಾಯಿತು ಎಂದು ಸಮಾಧಾನಪಡುತ್ತಾರೆ. ಆದರೆ ಬರುವ ದುಡ್ಡಿನಲ್ಲಿ ಅರ್ಧದಷ್ಟು ತಮ್ಮದೇ, ಸಾಲದ ಭಾಗ ಸಣ್ಣದು, ತೀರಿಸುವ ಅವಧಿಯೂ ಚಿಕ್ಕದು. ಕೂಗು ಇಳಿಯಬೇಕಾದ ವೇಗಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಜೂನ್ ತಿಂಗಳ ಶಾಲೆಯ ಫೀಸು, ಮದುವೆಯ ಮುಹೂರ್ತ ಇವು ಕಾಯುವುದಿಲ್ಲವಾದ್ದರಿಂದ ಇಬ್ಬರು ಅಗತ್ಯದವರು ಒಂದೇ ತಿಂಗಳು ಎದುರಾದರೆ ಕೂಗು ಹತ್ತಿಕೊಂಡು ಹೋಗುತ್ತದೆ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲೇ ಇದೆ, ಮನೆಯಲ್ಲಿ ಕೂತು ಹತ್ತು ನಿಮಿಷದ ಕೆಲಸ. ಮುಂದೆ ಕಟ್ಟಬೇಕಾದ ಕಂತುಗಳನ್ನು ಹಿಂದಿನ ಚೀಟಿಯ ಡಿವಿಡೆಂಡ್ ನೋಡಿ ಅಂದಾಜು ಮಾಡಿ. ಇಲ್ಲಿ 47,150, ಸರಾಸರಿ ಅವಧಿ 5.6 ತಿಂಗಳು. ಬೇರೆ ಕಡೆ ನಿಮಗೆ ಎಷ್ಟಕ್ಕೆ ಸಾಲ ಸಿಗುತ್ತದೆ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಎರಡು ರೂಪಾಯಿ ಬಡ್ಡಿಗೆ ಎಂದಿಟ್ಟುಕೊಂಡರೆ 5.6 ತಿಂಗಳಿಗೆ ಶೇ 11.2. 47,150ವನ್ನು 1.112ರಿಂದ ಭಾಗಿಸಿದರೆ 42,400. ಕರಾರುವಾಕ್ಕಾಗಿ ಹಾಕಿದರೆ 42,275, ಕೈಲೆಕ್ಕ ಸಾಕಷ್ಟು ಹತ್ತಿರವೇ ಇದೆ. ಅದಕ್ಕೆ ಈಗಾಗಲೇ ಕಟ್ಟಿದ್ದರ ಬೆಲೆ 36,314 ಸೇರಿಸಿ, ಆ ತಿಂಗಳ ಕಂತು ಸುಮಾರು 4,400 ಸೇರಿಸಿ. 83,000 ಆಯಿತು. ಕೈಗೆ ಇದಕ್ಕಿಂತ ಕಡಿಮೆ ಬಂದರೆ ಬೇರೆ ಕಡೆಯ ಸಾಲವೇ ವಾಸಿ. ಅಂದರೆ 17,000 ದಾಟಿ ಕೂಗಬಾರದು. ಒಡವೆ ಇಟ್ಟು ವರ್ಷಕ್ಕೆ ಶೇ 9ಕ್ಕೆ ಸಾಲ ಸಿಗುವವರಿಗೆ ಇದೇ ಲೆಕ್ಕದಲ್ಲಿ ಮಿತಿ 14,000. ಈ ಸಂಖ್ಯೆಯನ್ನು ಕೂಗಿನ ದಿನಕ್ಕೆ ಮೊದಲೇ ಕಾಗದದಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಬೇಕು. ಎದುರಿನವರು 18,000 ಅಂದಾಗ ತಲೆಯಲ್ಲಿ ಲೆಕ್ಕ ನಡೆಯುವುದಿಲ್ಲ, ಹಠ ನಡೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಬಡ್ಡಿ ಒಂದನ್ನೇ ಅಳೆದರೆ ಚೀಟಿ ಅರ್ಥವಾಗುವುದಿಲ್ಲ. ಕೂಗೇ ಇಲ್ಲದ, ಹೆಸರು ಬರೆದು ಡಬ್ಬಿಯಿಂದ ಎತ್ತುವ ಲಕ್ಕಿ ಚೀಟಿಗಳೂ ಇವೆಯಲ್ಲ, ಅವುಗಳಲ್ಲಿ ಬಡ್ಡಿ ಸೊನ್ನೆ. ಆದರೂ ಜನ ಸೇರುತ್ತಾರೆ. 1993ರಲ್ಲಿ ಟಿಮೊಥಿ ಬೆಸ್ಲಿ, ಸ್ಟೀಫನ್ ಕೋಟ್, ಗ್ಲೆನ್ ಲೌರಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿದರು. 20 ಜನಕ್ಕೆ ತಲಾ 1 ಲಕ್ಷದ ಹೊಲಿಗೆ ಯಂತ್ರವೋ ಹಸುವೋ ಬೇಕು ಎನ್ನಿ. ಒಬ್ಬೊಬ್ಬರೇ ತಿಂಗಳಿಗೆ 5,000 ಕೂಡಿಟ್ಟರೆ ಎಲ್ಲರಿಗೂ ಸಿಗುವುದು 20ನೇ ತಿಂಗಳು. ಅದೇ ದುಡ್ಡನ್ನು ಒಟ್ಟಿಗೆ ಹಾಕಿ ಸರದಿಯಲ್ಲಿ ಎತ್ತಿದರೆ ಮೊದಲನೆಯವರಿಗೆ 1ನೇ ತಿಂಗಳು, ಕೊನೆಯವರಿಗೆ 20ನೇ ತಿಂಗಳು, ಸರಾಸರಿ ಹತ್ತೂವರೆ ತಿಂಗಳು. ಕೊನೆಯವರಿಗೆ ನಷ್ಟವಿಲ್ಲ, ಉಳಿದ 19 ಜನರಿಗೆ ಬೇಗ. ಹೊರಗಿನಿಂದ ಯಾರೂ ಏನೂ ಕೊಡದೆ ಹುಟ್ಟಿದ ಲಾಭ ಇದು. ಒಬ್ಬನ ಲೆಕ್ಕದ ಪುಸ್ತಕದಲ್ಲಿ ಇದು ಕಾಣುವುದೇ ಇಲ್ಲ, 20 ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ.

ಎರಡನೆಯದು ತನ್ನನ್ನು ತಾನೇ ಕಟ್ಟಿಹಾಕುವುದು. ಆರ್‌ಡಿಯನ್ನು ಯಾವಾಗ ಬೇಕಾದರೂ ಮುರಿಸಬಹುದು, ಕಂತು ತಪ್ಪಿಸಿದರೆ ಸಣ್ಣ ದಂಡ. ಚೀಟಿಯ ಕಂತು ತಪ್ಪಿದರೆ ಬೀದಿಯಲ್ಲಿ ಮುಖ ತೋರಿಸುವುದು ಕಷ್ಟ. ಹೊರನೋಟಕ್ಕೆ ಆರ್‌ಡಿಯ ಸಡಿಲಿಕೆಯೇ ಒಳ್ಳೆಯ ಗುಣ. ಆದರೆ ಏಳನೇ ತಿಂಗಳು ಮನೆಯಲ್ಲಿ ಯಾರಾದರೂ ಹೊಸ ಫೋನು ಕೇಳಿದಾಗ, ಊರಿಂದ ನೆಂಟರು ಕೈಸಾಲ ಕೇಳಿದಾಗ, 'ಚೀಟಿಗೆ ಕಟ್ಟಬೇಕು' ಎಂಬ ಮಾತಿಗಿರುವ ತೂಕ 'ಆರ್‌ಡಿಯಲ್ಲಿದೆ' ಎಂಬುದಕ್ಕಿಲ್ಲ. ಮುರಿದ ಆರ್‌ಡಿಗೆ ಶೇ 6.6 ಬರುವುದೂ ಇಲ್ಲ. ಫಿಲಿಪ್ಪೀನ್ಸಿನ ಒಂದು ಬ್ಯಾಂಕಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗುರಿ ಮುಟ್ಟುವವರೆಗೆ ದುಡ್ಡು ತೆಗೆಯಲಾಗದ ಖಾತೆಯನ್ನು, ಹೆಚ್ಚಿನ ಬಡ್ಡಿ ಏನೂ ಇಲ್ಲದೆ, ಗ್ರಾಹಕರ ಮುಂದಿಟ್ಟರು. ಶೇ 28 ಜನ ಅದನ್ನು ಆರಿಸಿಕೊಂಡರು. ನೈರೋಬಿಯ ಕಿಬೇರಾ ಕೊಳೆಗೇರಿಯ ಬಗ್ಗೆ ಸಿವಾನ್ ಆಂಡರ್ಸನ್ ಮತ್ತು ಜಾನ್ ಮರಿ ಬಾಲಾಂಡ್ 2002ರಲ್ಲಿ ಬರೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿ ಚೀಟಿಗೆ ಸೇರಿದವರಲ್ಲಿ ಹೆಚ್ಚಿನವರು ಹೆಂಗಸರು, ತಮ್ಮ ಗಳಿಕೆ ಗಂಡನ ಕೈಸೇರದೆ ಉಳಿಯಲಿ ಎಂಬುದು ಒಂದು ಮುಖ್ಯ ಕಾರಣ. ಇಂಥ ಹೆಂಗಸಿಗೆ ಸೊನ್ನೆ ಬಡ್ಡಿಯ ಚೀಟಿಯೂ ಲಾಭವೇ, ಏಕೆಂದರೆ ಅವಳು ಹೋಲಿಸುತ್ತಿರುವುದು ಬ್ಯಾಂಕಿನ ಶೇ 6.6ರ ಜೊತೆಗಲ್ಲ, ಏನೂ ಉಳಿಯದಿರುವುದರ ಜೊತೆಗೆ. ಅಮ್ಮನ ನಿರ್ಧಾರವನ್ನು ಅಳೆಯುವಾಗ ಅವರು ಯಾವುದರ ಜೊತೆ ಹೋಲಿಸುತ್ತಿದ್ದಾರೆ ಎಂದು ಕೇಳಿ. ಅಲ್ಲಿ ನಿಮ್ಮಿಬ್ಬರ ಜಗಳ ಅರ್ಧ ಮುಗಿಯುತ್ತದೆ.

ಹೀಗೆಂದು ಚೀಟಿಯೇ ಮೇಲು ಎಂದುಕೊಳ್ಳಬೇಡಿ. ಅಮ್ಮನ ಲೆಕ್ಕದಲ್ಲೂ ಒಂದು ಜಾಗ ಖಾಲಿ ಇದೆ, ಅದು ಅಪಾಯದ ಜಾಗ.

ಅದೇ ಕಂತುಗಳನ್ನು ಆರ್‌ಡಿಗೆ ಕಟ್ಟಿದ್ದರೆ 20ನೇ ತಿಂಗಳು 91,054 ಬರುತ್ತಿತ್ತು. ಚೀಟಿಯಲ್ಲಿ 95,000. ಹೆಚ್ಚಿಗೆ 3,946. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆಯಿದೆ. ಬೀದಿಯ ಚೀಟಿಗೆ ಅದಿಲ್ಲ. ಚೀಟಿ ಕೊನೆಯಲ್ಲಿ ಮುಳುಗಿ ಕಟ್ಟಿದ್ದೆಲ್ಲ ಹೋಗುವ ಸಾಧ್ಯತೆ ಶೇ 4.15 ಇದ್ದರೆ, ಅಂದರೆ ಇಂಥ 24 ಚೀಟಿಗಳಲ್ಲಿ ಒಂದು ಮುಳುಗಿದರೆ, ಈ 3,946 ಪೂರ್ತಿ ಅಳಿಸಿಹೋಗುತ್ತದೆ. ಹಾಗಾಗಿ ಪ್ರಶ್ನೆ ನಿಂತಿರುವುದು ಅಮ್ಮನ ಚೀಟಿ 24ರಲ್ಲಿ ಒಂದಕ್ಕಿಂತ ಸುರಕ್ಷಿತವೇ ಎಂಬುದರ ಮೇಲೆ. ಇದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಮಾಡಿದ ಭೇದ ಇಲ್ಲಿ ಬೇಕಾಗುತ್ತದೆ: ದಾಳ ಎಸೆದಾಗ ಆರು ಬೀಳುವ ಸಾಧ್ಯತೆಯನ್ನು ಎಣಿಸಬಹುದು, ಚೀಟಿ ನಡೆಸುವವರು ಮುಂದಿನ ವರ್ಷ ಕೈ ಎತ್ತುವ ಸಾಧ್ಯತೆಯನ್ನು ಹಾಗೆ ಎಣಿಸಲಾಗದು.

ಎಣಿಸಲಾಗದ್ದನ್ನು ಎಣಿಕೆಯೊಳಗೆ ತರುವುದೇ ಸಮಾಜ ಕಟ್ಟುವ ವ್ಯವಸ್ಥೆಗಳ ಕೆಲಸ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ನೂರು ವರ್ಷದ ಹಿಂದೆ ಆಧುನಿಕ ವ್ಯಾಪಾರದ ಬಗ್ಗೆ ಹೇಳಿದ ಮುಖ್ಯ ಮಾತು ಇದು: ಲೆಕ್ಕದ ಪುಸ್ತಕ, ಮೊದಲೇ ತಿಳಿದಿರುವ ಕಾನೂನು, ಅದನ್ನು ಮುಖ ನೋಡದೆ ಜಾರಿ ಮಾಡುವ ಕಚೇರಿ ಇದ್ದಾಗ ಮಾತ್ರ ಒಬ್ಬ ವ್ಯಾಪಾರಿ ನಾಳೆಯ ಲೆಕ್ಕವನ್ನು ಇವತ್ತು ಹಾಕಬಲ್ಲ. 1982ರ ಕೇಂದ್ರದ ಚಿಟ್ ಫಂಡ್ ಕಾಯ್ದೆಯನ್ನು ಈ ಕಣ್ಣಿನಿಂದ ಓದಬೇಕು. ಅದರ ಪ್ರಕಾರ ಚೀಟಿ ಶುರುವಾಗುವ ಮೊದಲು ರಿಜಿಸ್ಟ್ರಾರ್ ಕಚೇರಿಯ ಅನುಮತಿ, ಒಪ್ಪಂದದ ನೋಂದಣಿ ಆಗಬೇಕು. ನಡೆಸುವವರು ಚೀಟಿಯ ಮೊತ್ತದಷ್ಟು ಭದ್ರತೆ ಇಡಬೇಕು. ಎತ್ತಿದವರು ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು. ಪ್ರತಿ ಕೂಗಿನ ನಡಾವಳಿ ಬರೆದಿಡಬೇಕು. 2019ರ ತಿದ್ದುಪಡಿಯ ನಂತರ ಕಮಿಷನ್ ಶೇ 5ರಿಂದ ಗರಿಷ್ಠ ಶೇ 7ಕ್ಕೆ ಏರಿತು, ಒಬ್ಬ ವ್ಯಕ್ತಿ ನಡೆಸಬಹುದಾದ ಚೀಟಿಗಳ ಒಟ್ಟು ಮಿತಿ 1 ಲಕ್ಷದಿಂದ 3 ಲಕ್ಷವಾಯಿತು. ಕೂಗಿಗೂ ಮೇಲ್ಮಿತಿಯಿದೆ. ಇಬ್ಬರು ಮೂವರು ಆ ಮಿತಿಯವರೆಗೂ ಕೂಗಿದರೆ ಅಲ್ಲಿ ಬೆಲೆ ನಿಲ್ಲುತ್ತದೆ, ಲಾಟರಿ ಹಾಕಿ ಹೆಸರು ತೆಗೆಯುತ್ತಾರೆ. ಅಗತ್ಯ ಹೆಚ್ಚಿದ್ದವರೇ ಎಷ್ಟಾದರೂ ತೆರಲಿ ಎಂದು ಬಿಡದೆ, ಒಂದು ಹಂತದ ನಂತರ ಅದೃಷ್ಟಕ್ಕೆ ಒಪ್ಪಿಸುವ ಈ ನಿಯಮ ನನಗೆ ನ್ಯಾಯವೆನಿಸುತ್ತದೆ.

ಭದ್ರತೆಯ ಠೇವಣಿ ಎಷ್ಟನ್ನು ಕಾಯುತ್ತದೆ ಎಂಬುದನ್ನೂ ತಿಳಿದಿರಬೇಕು. ನಿಮ್ಮ ಪಟ್ಟಿಯ ಪ್ರಕಾರ 10 ತಿಂಗಳು ಮುಗಿದಾಗ ಇನ್ನೂ ಎತ್ತದ 10 ಜನ ತಲಾ 39,500 ಕಟ್ಟಿರುತ್ತಾರೆ. ಒಟ್ಟು 3,95,000. ಇಟ್ಟ ಠೇವಣಿ 1 ಲಕ್ಷ. ಉಳಿದದ್ದಕ್ಕೆ ಆಧಾರ, ಈಗಾಗಲೇ ಎತ್ತಿದ 10 ಜನ ಕೊಟ್ಟ ಜಾಮೀನು. ಜಾಮೀನು ಬಿಗಿಯಾಗಿ ಕೇಳುವ ಚೀಟಿಯವರ ಮೇಲೆ ಜನ ಸಿಟ್ಟಾಗುತ್ತಾರೆ. ಕಾಯುವವರ ಕಡೆಯಿಂದ ನೋಡಿದರೆ ಆ ಬಿಗಿಯೇ ಅವರ ಅಸಲು ಕಾಯುವುದು.

ಬೀದಿಯ ಚೀಟಿಯಲ್ಲಿ ಈ ಜಾಗಕ್ಕೆ ಪರಿಚಯ ಬಂದು ಕೂರುತ್ತದೆ. ಯಾರ ಮನೆಯಲ್ಲಿ ಕೆಲಸ ಹೋಗಿದೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದು ಬ್ಯಾಂಕಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ. ಈ ತಿಳಿವಳಿಕೆಗೆ ನಿಜವಾದ ಬೆಲೆಯಿದೆ. ಆದರೆ ಇದು ಒಬ್ಬೊಬ್ಬರ ಕಷ್ಟವನ್ನು ಮುಂದಾಗಿ ಹೇಳುತ್ತದೆಯೇ ಹೊರತು ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟವನ್ನಲ್ಲ. 20 ಜನವೂ ಒಂದೇ ಗಾರ್ಮೆಂಟ್ಸ್ ಕಾರ್ಖಾನೆಯವರಾದರೆ, 2020ರ ಮಾರ್ಚ್‌ನ ಲಾಕ್‌ಡೌನಿನಂಥ ಒಂದೇ ಪೆಟ್ಟಿಗೆ ಎಲ್ಲರ ಸಂಬಳವೂ ನಿಲ್ಲುತ್ತದೆ. ಬೇರೆ ಬೇರೆ ದುಡಿಮೆಯವರು, ಅಂದರೆ ಒಬ್ಬ ಆಟೋ ಓಡಿಸುವವರು, ಒಬ್ಬ ಶಿಕ್ಷಕಿ, ಒಬ್ಬ ತರಕಾರಿ ಅಂಗಡಿಯವರು ಸೇರಿದ ಚೀಟಿ, ಒಂದೇ ಕಚೇರಿಯ 20 ಗೆಳೆಯರ ಚೀಟಿಗಿಂತ ಭದ್ರ.

ಚೀಟಿ ಮುಳುಗುವ ಮುನ್ನ ಕೆಲವು ಲಕ್ಷಣ ಕಾಣುತ್ತವೆ. ಎತ್ತಿದವರಿಗೆ ದುಡ್ಡು ಕೊಡುವುದು ಒಂದು ವಾರ, ಆಮೇಲೆ ಎರಡು ವಾರ ತಡವಾಗುತ್ತದೆ. ಯಾರು ಎತ್ತಿದರು ಎಂದು ಕೇಳಿದರೆ, ಯಾರೂ ನೋಡಿರದ ಹೆಸರುಗಳು ಬರುತ್ತವೆ. ಎಷ್ಟೋ ಸಲ ಅವು ನಡೆಸುವವರೇ ಬೇರೆಯವರ ಹೆಸರಲ್ಲಿ ಹಾಕಿಕೊಂಡವು. ಹಳೆಯದು ಮುಗಿಯುವ ಮೊದಲೇ ಒಂದರ ಹಿಂದೆ ಒಂದು ಹೊಸ ಚೀಟಿ ಶುರುವಾಗುತ್ತವೆ, ಹೊಸದರ ಕಂತಿನಿಂದ ಹಳೆಯದರ ಬಾಕಿ ತೀರುತ್ತಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು 'ಎತ್ತಿದ ದುಡ್ಡು ನನ್ನ ಹತ್ತಿರವೇ ಬಿಡಿ, ಎರಡು ರೂಪಾಯಿ ಬಡ್ಡಿ ಕೊಡುತ್ತೇನೆ' ಎಂಬ ಮಾತು. ಆ ಕ್ಷಣದಿಂದ ಅದು ಚೀಟಿಯಾಗಿ ಉಳಿಯುವುದಿಲ್ಲ, ಆಧಾರವಿಲ್ಲದ ಸಾಲವಾಗುತ್ತದೆ. ಅಮ್ಮನಿಗೆ ಈ ಒಂದು ಮಾತನ್ನು ಮಾತ್ರ ಖಂಡಿತ ಹೇಳಿ. ನೋಂದಣಿಯಿಲ್ಲದೆ ಚೀಟಿ ನಡೆಸುವುದು ಅಪರಾಧ, ಆದ್ದರಿಂದ ಹೊಸ ಚೀಟಿಯ ನೋಂದಣಿ ಸಂಖ್ಯೆ ಕೇಳಿ, ಜಿಲ್ಲೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ತಾಳೆ ನೋಡುವುದು ಮೊದಲ ಕೆಲಸ.

ಅಮ್ಮ ಚೀಟಿ ಬಿಡಬೇಕೇ? ಇದೇ ಪಟ್ಟಿ ಇನ್ನೊಂದು ದಾರಿ ತೋರಿಸುತ್ತದೆ. ಕೊನೆಯವರೆಗೆ ಕಾದವರೇ ಎಲ್ಲರ ಅಪಾಯವನ್ನೂ ಹೊರುವವರು, 19ನೇ ತಿಂಗಳ ಹೊತ್ತಿಗೆ ಅಮ್ಮನ 81,650 ರೂಪಾಯಿ ಹೊರಗಿತ್ತು. ಅವರು 16ನೇ ತಿಂಗಳು 8,000ಕ್ಕೆ ಕೂಗಿ 92,000 ಎತ್ತಿ, ಅದನ್ನು ಬ್ಯಾಂಕಿನಲ್ಲಿಟ್ಟು, ಉಳಿದ ಕಂತುಗಳನ್ನು ಎಂದಿನಂತೆ ಕೈಯಿಂದ ಕಟ್ಟಿದ್ದರೆ 20ನೇ ತಿಂಗಳು ಅದು 94,041 ಆಗಿರುತ್ತಿತ್ತು. 95,000ಕ್ಕೆ 959 ಕಡಿಮೆ. ಆ 959 ರೂಪಾಯಿಗಾಗಿ ಅವರು ಕೊನೆಯ ನಾಲ್ಕು ತಿಂಗಳು ಪೂರ್ತಿ ಮೊತ್ತವನ್ನು ಬೇರೆಯವರ ಕೈಯಲ್ಲಿ ಬಿಟ್ಟಿದ್ದರು. ಆ ನಾಲ್ಕು ತಿಂಗಳಲ್ಲಿ ಚೀಟಿ ಮುಳುಗುವ ಸಾಧ್ಯತೆ ನೂರಕ್ಕೆ ಒಂದಿದ್ದರೂ ಕಾದದ್ದು ವ್ಯರ್ಥ. ಬೇಗ ಎತ್ತಿದ ಮೇಲೆ ಬಾಕಿ ಇರುವುದು ಅಮ್ಮ ಕೊಡಬೇಕಾದದ್ದು ಮಾತ್ರ, ಅವರಿಗೆ ಬರಬೇಕಾದದ್ದೇನೂ ಇಲ್ಲ.

ಕೂಗು ಎಷ್ಟಕ್ಕೆ ಇಳಿದಾಗ ಎತ್ತಬೇಕು ಎಂಬುದು ಪ್ರತಿ ಚೀಟಿಯಲ್ಲೂ ಬೇರೆ. ಹೊಸ ಚೀಟಿಗೆ ಒಂದು ಹಾಳೆ ಮಾಡಿಕೊಂಡು, ಪ್ರತಿ ಕೂಗಿನ ದಿನ ಸಂಜೆ ಅಮ್ಮನ ಜೊತೆ ಕೂತು ಮೂರು ಅಂಕಿ ತುಂಬಿ: ಎಷ್ಟಕ್ಕೆ ಹೋಯಿತು, ಯಾರು ಎತ್ತಿದರು, ದುಡ್ಡು ಎಷ್ಟು ದಿನಕ್ಕೆ ಕೈಸೇರಿತು. 14ನೇ ಕೂಗು ಮುಗಿದ ಮೇಲೆ, ಆ ತಿಂಗಳು ಎತ್ತಿದರೆ ಬರುವ ಮೊತ್ತಕ್ಕೆ ಉಳಿದ ತಿಂಗಳುಗಳ ಬ್ಯಾಂಕ್ ಬಡ್ಡಿ ಸೇರಿಸಿ, ಕೊನೆಯಲ್ಲಿ ಬರುವ ಮೊತ್ತದ ಪಕ್ಕ ಬರೆಯುತ್ತಾ ಬನ್ನಿ. ವ್ಯತ್ಯಾಸ ಒಂದು ಸಾವಿರದ ಒಳಗೆ ಬಂದ ತಿಂಗಳು ಅಮ್ಮನಿಗೆ ಎತ್ತಲು ಹೇಳಿ. ಮೂರನೆಯ ಅಂಕಿ ಏರತೊಡಗಿದರೆ ವ್ಯತ್ಯಾಸ ನೋಡುತ್ತಾ ಕೂರಬೇಡಿ, ಮುಂದಿನ ಕೂಗಿನಲ್ಲೇ ಎತ್ತಿಬಿಡಲಿ.